ವಖಾರಿಯೊಳಗಿನ ಎಲಿಬಳ್ಳಿ

ಹಿರೇಕೆರೂರಿನ ಶೋಕಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ದೊಡ್ಡ ಅಕ್ಕೋರನ್ನು ಶಾಂತಮೂರ್ತಿ ಅಂದರು. ಭೂಮಿತೂಕದ ಸಹನೆ ಅಂದರು. ಜೀವಮಾನದಲ್ಲಿ ಯಾರಿಗೂ ಒಂದು ಬಿರುಸು ಮಾತಾಡಿದವರಲ್ಲ ಅಂದರು. ಹಾಗೆ ಅಂದವರ ಪೈಕಿ ಇಬ್ಬರಿಗೆ ಅವರು ನನ್ನ ಕಣ್ಣೆದುರಿಗೇ ಮುಖದ ನೀರಿಳಿಸಿದ್ದನ್ನು ನಾನು ನೋಡಿದ್ದೇನೆ. ಬದುಕಿದ್ದಾಗ ಅವರ ಬಾಯಿ ಮುಚ್ಚಿಸಲು ಆಗದವರು ಸತ್ತ ಮೇಲೆ ಹಾರ ಹಾಕಿ ಮುಚ್ಚಿಸಿದರು. ನನಗೂ ಎರಡು ಮಾತಾಡಿರಿ ಅಂದರು. ಮಾತಾಡಿದ್ದರೆ ಸಭೆ ಕೆಡುತ್ತಿತ್ತು. ಎದ್ದು ಬಂದುಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಅಕ್ಕೋರು ಸಿಟ್ಟಿನ ಹೆಂಗಸು. ನಮ್ಮ ಕಡೆ ಸಾಲಿಯಲ್ಲಿ, ಅಂದರೆ ಶಾಲೆಯಲ್ಲಿ, ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಶಿಗ್ಗಾಂವದ ಹೆಣ್ಣುಮಕ್ಕಳ ಸಾಲಿಗೆ ಅವರು ಮುಖ್ಯ ಅಕ್ಕೋರಾಗಿ ಬಂದಾಗ ಅವರಿಗೆ ಮೂವತ್ತೈದರ ಆಸುಪಾಸು. ನಾನು ಆಗಷ್ಟೇ ಹಂಗಾಮಿಯಾಗಿ ಸೇರಿದವಳು, ಹತ್ತೊಂಬತ್ತರ ಹುಡುಗಿ. ಹಾಗಾಗಿ ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ಗಿಡ್ಡ ದೇಹ, ಹಣೆಯ ಮೇಲೆ ವಿಭೂತಿ, ಬಿಳಿ ಸೀರೆ, ಬರಿಗೈ. ಸಿಟ್ಟು ಬಂದರೆ ಮೊದಲು ಕಣ್ಣಿನ ಚಾಳೀಸು ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಆಮೇಲೆ ಮಾತಾಡುತ್ತಿದ್ದರು. ಸಿಟ್ಟು ಏರಿದಷ್ಟೂ ದನಿ ಇಳಿಯುತ್ತಿತ್ತು. ಅವರು ಚಾಳೀಸು ತೆಗೆದರೆ ಹಿಂದಿನ ಸಾಲಿನ ಹುಡುಗಿಯರೂ ಉಸಿರು ಹಿಡಿದು ಕೂಡುತ್ತಿದ್ದರು. ಆ ಇಳಿದ ದನಿಯನ್ನೇ ಈ ಮಂದಿ ಶಾಂತಿ ಅಂದುಕೊಂಡರೋ ಏನೋ.

ಅವರದು ಲಿಂಗವಂತ ವ್ಯಾಪಾರಸ್ಥರ ಮನೆತನ. ಹದಿನಾಲ್ಕಕ್ಕೆ ಗಂಡ ಸತ್ತ. ಅಣ್ಣಂದಿರ ಮನೆಯಲ್ಲಿ ಹನ್ನೊಂದು ವರ್ಷ ಹಿಂದಿನ ಖೋಲಿಯಲ್ಲಿ ಕಾಳು ಹಸನು ಮಾಡಿಕೊಂಡು ಇದ್ದರು. ಆ ಖೋಲಿಗೆ ಕಿಟಕಿ ಇರಲಿಲ್ಲ. ಅಲ್ಲೇ ಕದ್ದು ಓದಿ, ಜಗಳಾಡಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತು, ಇನ್ನಷ್ಟು ಜಗಳಾಡಿ ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ಬಂದರು. ಇದನ್ನೆಲ್ಲ ಅವರು ನನಗೆ ಕೂತು ಹೇಳಿದವರಲ್ಲ. ಒಮ್ಮೆ ಯಾರೋ ಹುಡುಗಿ ಮನೆಯಲ್ಲಿ ಜಾಗ ಇಲ್ಲದ್ದಕ್ಕೆ ಅಭ್ಯಾಸ ಮಾಡಿಲ್ಲ ಅಂದಾಗ, ಅವಳನ್ನು ಬೈಯುವ ಭರದಲ್ಲಿ ಒಂದೇ ಉಸಿರಿಗೆ ಬಾಯಿಂದ ಬಂದದ್ದು.

ನಮ್ಮ ಸಾಲಿ ಇದ್ದದ್ದು ಹತ್ತಿ ದಾಸ್ತಾನು ಮಾಡುವ ವಖಾರಿಯಲ್ಲಿ. ಗಂಡುಮಕ್ಕಳ ಸಾಲಿಗೆ ಕಲ್ಲಿನ ಕಟ್ಟಡ, ಸುತ್ತ ಅಂಗಳ, ಅಂಗಳದಲ್ಲಿ ಮಾಸ್ತರರು ಮಾಡಿಸಿದ ಹೂದೋಟ. ಹೆಣ್ಣುಮಕ್ಕಳಿಗೆ ಸಾವ್ಕಾರರ ಹಳೆಯ ವಖಾರಿ. ಈ ಸಾವ್ಕಾರರೇ ಸಾಲಿ ಕಮಿಟಿಯ ಹಿರಿಯರು. ವಖಾರಿಗೆ ಒಂದು ಬಾಗಿಲು, ಗೋಡೆಯ ನೆತ್ತಿಯಲ್ಲಿ ಎರಡು ಸಣ್ಣ ಕಿಂಡಿ. ಮಟಮಟ ಮಧ್ಯಾಹ್ನವೂ ಹುಡುಗಿಯರು ಪಾಟಿಯನ್ನು ಮೂಗಿಗೆ ಹಚ್ಚಿಕೊಂಡು ಬರೆಯುತ್ತಿದ್ದರು. ಬಾಗಿಲಿನ ಹೊರಗೆ ಓಣಿಯ ಕಟ್ಟೆ, ಅದರ ಮೇಲೆ ಇಡೀ ದಿನ ಕೆಲಸವಿಲ್ಲದ ಗಂಡಸರು. ಅದಕ್ಕೆ ಬಾಗಿಲನ್ನೂ ಅರ್ಧ ಮುಚ್ಚಿಯೇ ಇಡಬೇಕು ಅಂತ ಕಮಿಟಿಯ ಅಪ್ಪಣೆ.

ನಿಸರ್ಗ ಪಾಠಕ್ಕೆ ಗಿಡ ಬೇಕು, ಸ್ವಲ್ಪ ಜಾಗ ಕೊಡಿರಿ ಅಂತ ದೊಡ್ಡ ಅಕ್ಕೋರು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಸಾವ್ಕಾರರು ಗಾದಿಯ ಮೇಲೆ ಕೂತಿದ್ದರು. ನಮ್ಮ ಅಪ್ಪ ಅವರ ಅಂಗಡಿಯಲ್ಲೇ ದಿವಾನಜಿ. ಅಲ್ಲೇ ಮೂಲೆಯಲ್ಲಿ ತಲೆ ಬಗ್ಗಿಸಿ ಲೆಕ್ಕ ಬರೆಯುತ್ತಿದ್ದ.

"ಹೆಣ್ಣುಮಕ್ಕಳು ಹೊರಗ ಮಣ್ಣು ಕೆದರಕೊಂತ ಕುಂತ್ರ ಓಣಿ ಮಂದಿ ಏನಂದಾರ್ರಿ ಅಕ್ಕೋರ?" ಅಂದರು ಸಾವ್ಕಾರರು.

ಅಕ್ಕೋರು ಚಾಳೀಸು ತೆಗೆದು ಒರೆಸಿದರು. "ಹೊರಗ ಬ್ಯಾಡಂದ್ರ ಒಳಗ ಹಚ್ಚತೇನಿ."

"ಒಳಗ? ವಖಾರ್ಯಾಗ?" ಸಾವ್ಕಾರರು ನಕ್ಕರು. "ಹಚ್ಚರಿ, ಹಚ್ಚರಿ. ಅಲ್ಲಿ ಇಲಿ ಬಿಟ್ರ ಏನೂ ಬದುಕಾಂಗಿಲ್ಲ."

ಅವರ ಮಕ್ಕಳೂ ಸೇರಿ ನಲವತ್ತು ಹುಡುಗಿಯರು ಅಲ್ಲೇ ಕೂಡುತ್ತಿದ್ದರು. ಅದನ್ನು ಹೇಳಬೇಕೆಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅಕ್ಕೋರಿಗೆ ಅಲ್ಲೇ ಹೊಳೆದಿತ್ತು, ಆದರೆ ನುಂಗಿಕೊಂಡರು. ಮರುದಿನ ಬರುವಾಗ ಗಿಡ ಹಚ್ಚಲು ಎರಡು ಖಾಲಿ ಚಿಮಣಿ ಎಣ್ಣಿ ಡಬ್ಬಿ ಹಿಡಿದುಕೊಂಡು ಬಂದರು.

ಮೊದಲ ಸಲ ಹಚ್ಚಿದ್ದೆಲ್ಲ ಸತ್ತಿತು. ತುಳಸಿ ಕರ್ರಗಾಯಿತು, ಸೇವಂತಿಗೆ ಬೆಳ್ಳಗೆ ಉದ್ದಕ್ಕೆ ಬೆಳೆದು ಮಲಗಿಬಿಟ್ಟಿತು. ಹುಡುಗಿಯರು ಅಳುಮುಖ ಮಾಡಿದರು. ಅಕ್ಕೋರು ಡಬ್ಬಿಗಳನ್ನು ನೆಲದ ಮೇಲೆ ಬೋರಲು ಹಾಕಿ, ಸತ್ತ ಗಿಡಗಳ ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಅಪರಾಧಿಯನ್ನು ವಿಚಾರಿಸುವ ಫೌಜದಾರನ ಹಾಗೆ ನೋಡಿದರು. ಬೇರು ಕೊಳೆತಿದ್ದವು.

"ನೀರಿಲ್ಲದ ಸತ್ತದ್ದಲ್ಲ ಇವು. ನೀರು ಹೆಚ್ಚಾಗಿ ಸತ್ತಾವು. ಬಿಸಲಿಲ್ಲದ ಮನ್ಯಾಗ ಗಿಡಕ್ಕ ನೀರಡಿಕಿ ಕಡಿಮಿ. ಯಾರ್ಯಾರು ಪ್ರೀತಿ ಹೆಚ್ಚಾಗಿ ದಿನಾ ಸುರದೀರಿ, ಕೈ ಎತ್ರಿ."

ಎಲ್ಲರೂ ಎತ್ತಿದರು. ನಾನೂ ಎತ್ತಿದೆ.

ಅಲ್ಲಿಂದ ನಿಯಮಗಳು ಬಂದವು. ಡಬ್ಬಿಯ ತಳಕ್ಕೆ ಮೊಳೆಯಿಂದ ಐದು ತೂತು, ತೂತಿನ ಮೇಲೆ ಹೆಂಚಿನ ಚೂರು. ಕೆರೆಯ ಗೋಡುಮಣ್ಣು, ಹಳ್ಳದ ಉಸುಕು, ವರ್ಷ ಹಳೆಯದಾದ ಸಗಣಿ ಗೊಬ್ಬರ, ಮೂರೂ ಸಮಸಮ. ನೀರು ಹಾಕುವ ಮೊದಲು ಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಬೇಕು. ಬೆರಳಿಗೆ ಮಣ್ಣು ಅಂಟಿ ಬಂದರೆ ನೀರು ಹಾಕಬಾರದು. ಸೋಮವಾರಕ್ಕೊಮ್ಮೆ ಡಬ್ಬಿಯನ್ನು ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಗಿಡ ಬೆಳಕಿನ ಕಡೆಗೆ ಸೊಟ್ಟಗೆ ಬೆಳೆಯುತ್ತದೆ. ಶನಿವಾರ ಒದ್ದೆ ಅರಿವೆಯಿಂದ ಎಲೆಯ ಧೂಳು ಒರೆಸಬೇಕು. ವಖಾರಿಯ ತುಂಬ ಹಳೇ ಹತ್ತಿಯ ಜುಂಗು ಹಾರಾಡುತ್ತಿತ್ತು. ಎಲೆಗೆ ಅದು ಕೂತರೆ ಉಸಿರಾಡುವುದು ಹೇಗೆ, ನಿಮ್ಮ ಮೂಗಿಗೆ ಅರಳೆ ತುರುಕಿದರೆ ಹೇಗಿರುತ್ತದೆ ಅಂತ ಅವರು ಹುಡುಗಿಯರನ್ನು ಕೇಳುತ್ತಿದ್ದರು.

ನೆರಳಿನ ಗಿಡಗಳನ್ನೇ ಹುಡುಕಿ ತಂದರು. ಬಾವಿಯ ಗೋಡೆಯ ಸಂದಿಯಿಂದ ಜರೀಗಿಡ, ಯಾರದೋ ಬಚ್ಚಲ ಹಿಂದಿನಿಂದ ದೊಡ್ಡಪತ್ರಿ, ಲೋಳಸರ. ಒಂದು ಭಾನುವಾರ ಹೆಂಚು ಹಾಕುವವನನ್ನು ಕರೆಸಿ ಮಾಡಿನ ನಾಲ್ಕು ಹೆಂಚು ಕೀಳಿಸಿ ಗಾಜಿನ ಹೆಂಚು ಕೂಡಿಸಿದರು. ಸೋಮವಾರ ಹುಡುಗಿಯರು ಒಳಗೆ ಬಂದು ನೆಲದ ಮೇಲೆ ಬಿದ್ದ ನಾಲ್ಕು ಬಿಸಿಲಿನ ತುಂಡುಗಳನ್ನು ನೋಡಿ, ಅದರಲ್ಲಿ ಕೂಡಲು ಜಗಳಾಡಿದರು. ಸಾವ್ಕಾರರು ಆಳು ಕಳಿಸಿ ತಮ್ಮ ಹೆಂಚು ಏನಾದವು ಅಂತ ಕೇಳಿಸಿದರು.

"ಮೂಲ್ಯಾಗ ಇಟ್ಟೇನಿ ಅಂತ ಹೇಳು. ನಾ ಹೋಗೂ ಮುಂದ ತಿರುಗಿ ಹಾಕಿಸಿ ಕತ್ತಲಿ ಮಾಡಿ ಕೊಟ್ಟ ಹೋಗತೇನಿ ಅಂತ ಹೇಳು."

ವೀಳ್ಯದ ಎಲಿಬಳ್ಳಿ ತರಲು ನಾವಿಬ್ಬರೂ ಸವಣೂರಿಗೆ ಹೋದೆವು. ಎಲಿಗೆ ಹೆಸರಾದ ಊರು. ನೆರಳು, ತಂಪು, ತೇವ, ಇವಿಷ್ಟಿದ್ದರೆ ಸಾಕು ಆ ಬಳ್ಳಿಗೆ. ಬಿಸಿಲೇ ಅದಕ್ಕೆ ವೈರಿ. ವಖಾರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಅಂತ ಅಕ್ಕೋರ ಲೆಕ್ಕ. ತೋಟದ ಬಾಗಿಲಲ್ಲಿ ಮಾಲಿ ತಡೆದ. ನನ್ನ ಕುಂಕುಮ ನೋಡಿದ, ಅವರ ಹಣೆ ನೋಡಿದ.

"ಅವ್ವಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೈಯಾಗ ಬಳ್ಳಿ ಕೊಡಾಕ ಬರಾಂಗಿಲ್ರಿ. ಈ ತಂಗಿ ಒಳಗ ಬರಲಿ. ಆದ್ರ ತಂಗೀ, ನೀ ಕಡಿಗಿ ಆಗಿಲ್ಲಲ್ಲ? ಮುಟ್ಟಾದಾಕಿ ನೆಳ್ಳು ಬಿದ್ರ ತ್ವಾಟಕ್ಕ ತ್ವಾಟಾನ ಒಣಗತೈತಿ."

ನಾನು ನಾಚಿ ನೆಲ ನೋಡಿದೆ. ಅಕ್ಕೋರು ಬಾಗಿಲ ಹೊರಗೇ ನಿಂತರು. ನಾನು ಒಳಗೆ ಹೋಗಿ ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಬಳ್ಳಿ ತುಂಡು ತಂದೆ. ತೋಟ ಕಣ್ಣಿಗೆ ಮರೆಯಾದ ಕೂಡಲೇ ಅವರು ಆ ಗಂಟನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದರು. ಸರ್ವಿಸ್ ಮೋಟಾರಿನಲ್ಲಿ ಶಿಗ್ಗಾಂವದ ತನಕ ಹಾಗೇ ಕೂತಿದ್ದರು. ಊರ ಹತ್ತಿರ ಬಂದಾಗ, "ನೋಡೂಣು," ಅಂದರು. ಅಷ್ಟೇ.

ಆ ಬಳ್ಳಿಯನ್ನು ನಿಜವಾಗಿ ಬದುಕಿಸಿದವಳು ಗಂಗವ್ವ. ಸಾವ್ಕಾರರ ಅಂಗಡಿಯ ಹಮಾಲನ ಮಗಳು, ಐದನೇ ಇಯತ್ತೆ, ಹನ್ನೆರಡು ತುಂಬಿದ್ದವಳು. ಅವಳನ್ನು ಸಾಲಿಯಲ್ಲಿ ಉಳಿಸಿಕೊಳ್ಳಲು ಅಕ್ಕೋರು ಅವಳಪ್ಪನ ಮನೆಗೆ ನಾಲ್ಕು ಸಲ ಹೋಗಿ ಜಗಳಾಡಿದ್ದರು. ಮಾತು ಕಡಿಮೆ ಹುಡುಗಿ. ಬಳ್ಳಿಯ ಗೆಣ್ಣುಗಳು ಗಾಳಿಯಲ್ಲಿ ಸಣ್ಣ ಬೇರು ಬಿಟ್ಟು ಹಿಡಿಯಲು ಏನನ್ನೋ ಹುಡುಕುತ್ತವೆ ಅಂತ ಮೊದಲು ನೋಡಿದವಳು ಅವಳು. ಒಂದು ಬಡಿಗೆಗೆ ಗೋಣಿತಟ್ಟು ಸುತ್ತಿ ಡಬ್ಬಿಯಲ್ಲಿ ನಿಲ್ಲಿಸಿ, ಗೋಣಿಗೆ ದಿನಾ ನೀರು ಚಿಮುಕಿಸತೊಡಗಿದಳು. ಎರಡು ತಿಂಗಳಿಗೆ ಬಳ್ಳಿ ಅವಳ ಎತ್ತರ ಮೀರಿತು. ಅಕ್ಕೋರು ಯಾರನ್ನೂ ಹೊಗಳುತ್ತಿರಲಿಲ್ಲ. ಅವಳ ಬಡಿಗೆ ನೋಡಿ, "ಇದನ್ನ ನನಗ ಟ್ರೇನಿಂಗದಾಗ ಯಾರೂ ಕಲಿಸಲಿಲ್ಲ," ಅಂದರು. ಗಂಗವ್ವ ಆ ದಿನವೆಲ್ಲ ಕೆಂಪಗೆ ಕೂತಿದ್ದಳು.

ಒಂದು ದಿನ ಅವಳು ಸಾಲಿಯಲ್ಲೇ ದೊಡ್ಡಾಕಿಯಾದಳು. ಅವಳಿಗೆ ಏನಾಯಿತೆಂದು ಅವಳಿಗೇ ತಿಳಿಯಲಿಲ್ಲ. ಉಳಿದ ಹುಡುಗಿಯರು ಕಿರುಚಿದ್ದು ಅವಳನ್ನು ನೋಡಿ ಅಲ್ಲ, ಅವಳ ಕೈಯಲ್ಲಿದ್ದ ತಂಬಿಗೆ ನೋಡಿ. ಬಳ್ಳಿ ಸಾಯತೈತ್ರಿ ಅಕ್ಕೋರ, ಬಳ್ಳಿ ಸಾಯತೈತ್ರಿ ಅಂದರು. ಅಕ್ಕೋರು ಗಂಗವ್ವನನ್ನು ವಖಾರಿಯ ಪಕ್ಕದ ತಮ್ಮ ಖೋಲಿಗೆ ಕರೆದೊಯ್ದು ತಮ್ಮದೊಂದು ಸೀರೆ ಹರಿದು ಕೊಟ್ಟು, ಏನು ಎತ್ತ ಅಂತ ತಿಳಿಸಿ ಹೇಳಿ, ತಿರುಗಿ ಬಂದು ಚಾಳೀಸು ಒರೆಸಿದರು.

"ಸಾಯತೈತೋ ಇಲ್ಲೋ ನೋಡಾಕ ಬರತೈತಿ. ಗಂಗವ್ವ ದಿನಾ ನೀರು ಹಾಕ್ತಾಳ, ಆ ಮೂರು ದಿನಾನೂ ಹಾಕ್ತಾಳ. ನಾಲ್ಕು ತಿಂಗಳು ನೋಡೂಣು. ಅಲ್ಲೀತನ ಹೊರಗ ಯಾರೂ ಬಾಯಿ ಬಿಡಬ್ಯಾಡ್ರಿ."

ನಂಬುತ್ತೀರೋ ಇಲ್ಲವೋ, ನಲವತ್ತು ಹುಡುಗಿಯರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ, ಗಂಗವ್ವ ತನ್ನ ಮನೆಯಲ್ಲೂ ಹೇಳಲಿಲ್ಲ. ಹೆಣ್ಣಿನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಅವರು ದಿನಾ ಬಂದು ಬಳ್ಳಿಯ ಎಲೆ ಎಣಿಸುತ್ತಿದ್ದರು. ಮೊದಲ ತಿಂಗಳು ಹೆದರಿ ಎಣಿಸಿದರು, ಎರಡನೇ ತಿಂಗಳು ಆಸೆಯಿಂದ, ಮೂರನೇ ತಿಂಗಳಿಗೆ ಎಣಿಸುವುದನ್ನೇ ಬಿಟ್ಟರು. ಎಣಿಸಿ ಮುಗಿಯುತ್ತಿರಲಿಲ್ಲ. ಬಳ್ಳಿ ಬಡಿಗೆ ಬಿಟ್ಟು ಗೋಡೆ ಹಿಡಿದು ಕಿಂಡಿಯ ಕಡೆ ಹೊರಟಿತ್ತು. ನಾನೂ, ಸವಣೂರಿನ ತೋಟದಲ್ಲಿ ನಾಚಿ ನೆಲ ನೋಡಿದವಳು, ಆ ತಿಂಗಳು ಯಾರಿಗೂ ಹೇಳದೆ ನನ್ನ ಆ ಮೂರು ದಿನಗಳಲ್ಲಿ ಅದರ ಎಲೆ ಒರೆಸಿದೆ. ಏನೂ ಆಗಲಿಲ್ಲ. ಮನೆಗೆ ಹೋಗಿ ಅಡುಗೆಮನೆಯ ಹೊರಗೆ ಮೂಲೆಯಲ್ಲಿ ಕೂತಾಗ, ಇಷ್ಟು ವರ್ಷ ಇಲ್ಲಿ ಕೂತದ್ದು ಯಾತಕ್ಕೆ ಅಂತ ಮೊದಲ ಸಲ ಸಿಟ್ಟು ಬಂತು.

ಇನಾಮು ಹಂಚುವ ದಿನ ಬಂತು. ಕಮಿಟಿಯವರೆಲ್ಲ ಬಂದರು, ಕೆಲವು ಹುಡುಗಿಯರ ಅಪ್ಪಂದಿರೂ ಬಂದರು. ವಖಾರಿಯ ಹಸಿರು ನೋಡಿ ಮೆಚ್ಚಿದರು. ಗಣ್ಯರ ಮುಂದೆ ಎಲಿ ಅಡಿಕೆಯ ತಾಟು ಇಡಿಸಿದವರು ಅಕ್ಕೋರೇ. ಸಾವ್ಕಾರರು ಎರಡು ಎಲಿ ತೆಗೆದು, ನರ ಚಿವುಟಿ, ಸುಣ್ಣ ಸವರಿ, ಬಾಯಿಗೆ ಇಟ್ಟುಕೊಂಡರು. "ಸವಣೂರದ್ದಾ ಇದು. ಎಲಿ ನಾಲಿಗಿ ಮ್ಯಾಲಿಟ್ರ ನಾ ಊರು ಹೇಳತೇನಿ," ಅಂತ ಪಕ್ಕದವರಿಗೆ ಹೇಳಿದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಗೇ ನಿಂತಿದ್ದರೆ ಅದೊಂದು ನಗೆಯಾಗಿ ಉಳಿಯುತ್ತಿತ್ತು.

ಸಾವ್ಕಾರರು ಭಾಷಣಕ್ಕೆ ಎದ್ದರು. ಬಾಯಲ್ಲಿ ಎಲಿ ಇತ್ತು. ಹೆಣ್ಣುಮಕ್ಕಳಿಗೆ ವಿದ್ಯೆ ಬೇಕು, ಆದರೆ ಅದಕ್ಕೊಂದು ಮಿತಿ ಇರಬೇಕು ಅಂದರು. ದೊಡ್ಡಾಕಿಯಾದ ಹುಡುಗಿ ಸಾಲಿಯ ಹೊಸ್ತಿಲು ತುಳಿಯಬಾರದು ಅಂತ ಕಮಿಟಿ ಇನ್ನು ಮುಂದೆ ಠರಾವು ಮಾಡಲಿದೆ ಅಂದರು. "ಮುಟ್ಟಾದಾಕಿ ನೆಳ್ಳು ಬಿದ್ರ ಎಲಿಬಳ್ಳಿ ಬಾಡತೈತಿ. ಸರಸ್ವತಿ ನಿಂದರತಾಳೇನು?" ಅಂದರು. ಅಪ್ಪಂದಿರು ತಲೆಯಾಡಿಸಿದರು.

ಅಕ್ಕೋರು ಚಾಳೀಸು ತೆಗೆದರು. ಒರೆಸಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತರು.

"ಸಾವ್ಕಾರ್ರ, ನಿಮ್ಮ ಬಾಯಾಗಿನ ಎಲಿ ಸವಣೂರದ್ದಲ್ಲ. ಈ ವಖಾರ್ಯಾದ್ದು. ಅದಕ್ಕ ನೀರು ಹಾಕಿದಾಕಿ ಗಂಗವ್ವ, ನಿಮ್ಮ ಹಮಾಲರ ಮಗಳು. ನಾಲ್ಕು ತಿಂಗಳಾತು ಆಕಿ ದೊಡ್ಡಾಕಿ ಆಗಿ. ಆ ದಿನಗಳಾಗೂ ಆಕೀನ ಹಾಕ್ಯಾಳ. ಬಳ್ಳಿ ಬಾಡಿಲ್ಲ, ನಿಮ್ಮ ಬಾಯಿಗೂ ರುಚಿ ಹತ್ತೈತಿ."

ಸಾವ್ಕಾರರು ಬಾಗಿಲಿಗೆ ಹೋಗಿ ಉಗುಳಿದರು. ನೀರು ತರಿಸಿ ಮೂರು ಸಲ ಬಾಯಿ ಮುಕ್ಕಳಿಸಿದರು. ಒಳಗೆ ಬಂದು, "ವಿಧವಿ ಹಚ್ಚಿದ ಬಳ್ಳಿ, ಮುಟ್ಟಿನ ನೀರು. ನನ್ನ ಧರ್ಮ ಕೆಡಿಸಿದಿ," ಅಂದರು. ಏಕವಚನಕ್ಕೆ ಇಳಿದಿದ್ದರು.

"ನಿಮ್ಮ ಕೊರಳಾಗ ಲಿಂಗ ಐತಿ, ನನ್ನ ಕೊರಳಾಗೂ ಐತಿ," ಅಂದರು ಅಕ್ಕೋರು. ದನಿ ಎಷ್ಟು ಇಳಿದಿತ್ತೆಂದರೆ ಹಿಂದಿನವರು ಮುಂದಕ್ಕೆ ಬಾಗಿದರು. "ಲಿಂಗ ಕಟ್ಟಿದವರಿಗೆ ಸೂತಕ ಇಲ್ಲಂತ ನಮ್ಮ ಹಿರ್ಯಾರು ಹೇಳ್ಯಾರ. ನಿಮ್ಮ ಹಿರ್ಯಾರು ನಿಮಗ ಹೇಳದ ಸತ್ರೇನು?"

ಇದನ್ನು ಕೇಳಿ ನನ್ನ ಎದೆ ಉಬ್ಬಿತ್ತು. ಸುಳ್ಳು ಯಾಕೆ ಹೇಳಲಿ, ಇವತ್ತಿಗೂ ಆ ಮಾತು ನೆನೆದರೆ ಉಬ್ಬುತ್ತದೆ. ಆದರೆ ಆಗಲೇ ನಾನು ಗಂಗವ್ವನನ್ನೂ ನೋಡಿದೆ. ಇನಾಮು ತೆಗೆದುಕೊಳ್ಳಲು ಮೊದಲ ಸಾಲಿನಲ್ಲಿ ಕೂತಿದ್ದಳು. ವಖಾರಿಯ ತುಂಬ ಇದ್ದ ಗಂಡಸರೆಲ್ಲ ಅವಳನ್ನು ನೋಡುತ್ತಿದ್ದರು. ಅವಳಪ್ಪ ಬಾಗಿಲ ಬಳಿ ನಿಂತಿದ್ದ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಎದ್ದು ಜನರ ನಡುವೆ ಓಡಿಹೋದಳು. ಅದೇ ಅವಳು ಸಾಲಿಗೆ ಬಂದ ಕಡೆಯ ದಿನ.

ಮರುದಿನ ಮುಂಜಾನೆ ಡಬ್ಬಿಗಳನ್ನು ಓಣಿಗೆ ಎಸೆಯಲು ಸಾವ್ಕಾರರು ಇಬ್ಬರು ಹಮಾಲರನ್ನು ಕಳಿಸಿದರು. ಅವರಲ್ಲಿ ಒಬ್ಬ ಗಂಗವ್ವನ ಅಪ್ಪ. ಬೇಕೆಂದೇ ಕಳಿಸಿದ್ದರು. ಹತ್ತು ಜನ ಹಮಾಲರಿದ್ದ ಅಂಗಡಿಯಿಂದ ಅವನನ್ನೇ ಆರಿಸಿ ಕಳಿಸಿದ ಆ ಮನುಷ್ಯನ ಕ್ರೌರ್ಯಕ್ಕೆ ನಾನು ಇವತ್ತಿಗೂ ಹೆಸರು ಹುಡುಕುತ್ತಿದ್ದೇನೆ. ಅಕ್ಕೋರು ಬಾಗಿಲಿಗೆ ಅಡ್ಡ ನಿಂತಿದ್ದರು. ಅವನನ್ನು ಕಂಡ ಕೂಡಲೇ ಪಕ್ಕಕ್ಕೆ ಸರಿದರು. ಅವನು ಒಂದೊಂದೇ ಡಬ್ಬಿ ಹೊತ್ತು ತಂದು ಓಣಿಯಲ್ಲಿ ಒಗೆದ. ಬಳ್ಳಿಯನ್ನು ಗೋಡೆಯಿಂದ ಎಳೆದಾಗ ಸುಣ್ಣದ ಪದರು ಸಮೇತ ಬಂತು. ಅವನು ಒಮ್ಮೆಯೂ ಅಕ್ಕೋರ ಮುಖ ನೋಡಲಿಲ್ಲ. ಹನ್ನೆರಡು ದಿನದೊಳಗೆ ಮಗಳನ್ನು ಅಕ್ಕಿಆಲೂರ ಕಡೆಯ ಒಬ್ಬನಿಗೆ ಕೊಟ್ಟ. ಎರಡನೇ ಸಂಬಂಧ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು.

ಈಗ ನನ್ನ ಮಾತು. ಸಾಲಿ ತಪಾಸಣೆಯ ದೆಪೋಟಿ ಸಾಹೇಬರು ವಿಚಾರಣೆಗೆ ಬಂದರು. ಅಕ್ಕೋರು ಹುಡುಗಿಯರಿಂದ ಮಣ್ಣು ನೀರು ಹೊರಿಸಿ ಕೂಲಿ ಮಾಡಿಸಿದರು, ಪಾಠ ಬಿಟ್ಟರು, ಧರ್ಮನಿಂದೆ ಕಲಿಸಿದರು ಅಂತ ಒಂದು ಕಾಗದ ಮೊದಲೇ ಬರೆದು ತಯಾರಿತ್ತು. ಅದಕ್ಕೆ ನನ್ನ ಸಹಿ ಬೇಕಿತ್ತು. ಪಾಠ ಬಿಟ್ಟದ್ದು ಹಸಿ ಸುಳ್ಳು. ಲೆಕ್ಕದಲ್ಲಿ ಆ ಹುಡುಗಿಯರು ಗಂಡುಮಕ್ಕಳ ಸಾಲಿಯನ್ನು ಮೀರಿಸುತ್ತಿದ್ದರು. ಅಪ್ಪ ನನ್ನ ಮುಂದೆ ಕೂತು, "ಸಹಿ ಮಾಡವಾ. ನನ್ನ ಕೆಲಸಾ ಉಳೀತೈತಿ," ಅಂದ. ಗಂಗವ್ವನ ಹೆಸರನ್ನು ಹಾಗೆ ಬೀದಿಗೆ ಎಳೆದದ್ದಕ್ಕೆ ನನಗೆ ಅಕ್ಕೋರ ಮೇಲೆ ಸಿಟ್ಟಿತ್ತು. ಅದಕ್ಕೇ ಸಹಿ ಮಾಡುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಸಿಟ್ಟಿದ್ದದ್ದು ನಿಜ. ಸಹಿ ಮಾಡಿದ್ದು ಹೆದರಿ.

ಅಕ್ಕೋರನ್ನು ಮುಖ್ಯ ಅಕ್ಕೋರ ಜಾಗದಿಂದ ಇಳಿಸಿ ಹಿರೇಕೆರೂರಿಗೆ ವರ್ಗ ಮಾಡಿದರು. ಹೋಗುವ ದಿನ ಕೀಲಿಕೈ ಗೊಂಚಲನ್ನು ನನಗೆ ಒಪ್ಪಿಸಲು ಬಂದರು. ಕಾಗದವನ್ನು ಅವರಿಗೆ ಓದಿಸಿದ್ದರು ಅಂತ ನನಗೆ ಗೊತ್ತಿತ್ತು.

"ಸಹಿ ಚಂದ ಮಾಡೀದಿ," ಅಂದರು. "ಅಕ್ಷರಾ ದುಂಡಗ ಬಂದಾವು. ತಿದ್ದಿಸಿದಾಕಿ ನಾನಾ ಅಲ್ಲೇನು?"

ನನಗೆ ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ದಿನ ಉರಿಯುತ್ತಿರಲಿಲ್ಲ.

ಆಮೇಲೆ ಎಂಟೊಂಬತ್ತು ವರ್ಷ ನಾನು ಅವರ ಮುಖ ನೋಡಲಿಲ್ಲ. ಅಪ್ಪ ತೀರಿಕೊಂಡ. ನಾನು ಹಾನಗಲ್ಲಿನಲ್ಲಿ ಕೆಲವು ವರ್ಷ ಇದ್ದು, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಕ್ಕಿಆಲೂರಿನ ಸಾಲಿಗೆ ಬಂದೆ. ಅಪ್ಪ ಹೋದ ಮೇಲೆ ಹೆದರಲು ಯಾರ ಕಾರಣವೂ ಉಳಿದಿರಲಿಲ್ಲ. ಒಂದು ರಜೆಯ ದಿನ ಹಿರೇಕೆರೂರಿಗೆ ಹೋದೆ.

ಅವರು ಒಂದೇ ಖೋಲಿಯ ಮನೆಯಲ್ಲಿದ್ದರು. ಒಂದೇ ಕಿಟಕಿ. ಒಳಗೆಲ್ಲ ಡಬ್ಬಿ, ಒಡಕು ಗಡಿಗೆ, ಹರವಿಯ ತಳ. ಜರೀಗಿಡ, ದೊಡ್ಡಪತ್ರಿ, ಮೂಲೆಯಲ್ಲಿ ಗೋಣಿ ಸುತ್ತಿದ ಬಡಿಗೆ, ಅದರ ಮೇಲೆ ಎಲಿಬಳ್ಳಿ. ಕಿಟಕಿ ಒಂದೇ ಇದ್ದದ್ದರಿಂದ ಗಿಡಗಳಿಗೆ ಪಾಳಿ ಹಚ್ಚಿದ್ದರು, ನಾಲ್ಕು ದಿನ ಇವು ಬೆಳಕಿಗೆ, ನಾಲ್ಕು ದಿನ ಅವು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದೇಳಲಿಲ್ಲ. ಒಂದು ಡಬ್ಬಿಯ ಮಣ್ಣಿಗೆ ಬೆರಳಿಳಿಸಿಕೊಂಡೇ, "ಕುಂದರು," ಅಂದರು.

ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. "ಅಕ್ಕೋರ, ನನ್ನ ತಪ್ಪಾತ್ರಿ. ಕ್ಷಮಾ ಮಾಡ್ರಿ," ಅಂದೆ.

ಅವರು ಬೆರಳು ಒರೆಸಿಕೊಂಡರು. "ಕ್ಷಮಾ ಕೇಳೂದು ನನಗೂ ಗೊತ್ತೈತಿ. ನ್ಯಾಯಕ್ಕಂತ ಎದ್ದ ನಿಂತೆ, ಸಿಟ್ಟು ಬಾಯಿಗೆ ಬಂತು, ಒಂದು ಹುಡುಗಿ ಹೆಸರು ಹೇಳಿದೆ. ಹೆಸರು ಹೇಳದನೂ ಆ ಮಾತು ಹೇಳಾಕ ಬರತಿತ್ತು. ಅಕ್ಕಿಆಲೂರಿಗೆ ಹೋಗಿ ಆಕಿ ಮುಂದ ನಿಂತು ನಾನೂ ಹಿಂಗ ಕ್ಷಮಾ ಕೇಳಿದೆ. ಆಕಿ ಏನಂದಳು ಗೊತ್ತೇನು? 'ನೀವು ಸಾವ್ಕಾರ್ರನ್ನ ಗೆದ್ರಿ ಅಕ್ಕೋರ. ನನ್ನ ಒಂದು ಮಾತು ಕೇಳಲಿಲ್ಲ,' ಅಂದಳು. ಬಾಗಲಾ ಹಾಕ್ಕೊಂಡಳು."

ಆ ಡಬ್ಬಿಯನ್ನು ಕಾಲು ಸುತ್ತು ತಿರುಗಿಸಿದರು.

"ಆಕಿ ನನ್ನ ಕ್ಷಮಾ ಮಾಡಲಿಲ್ಲ. ಯಾಕ ಮಾಡಬೇಕು? ನಾನೂ ನಿನ್ನ ಮಾಡಾಂಗಿಲ್ಲ. ಆದ್ರ ತಿಂಗಳಿಗೊಮ್ಮೆ ಸಂತಿ ದಿನಾ ನಾ ಆಕಿ ಬಾಗಲಿಗೆ ಹೋಗತೇನಿ. ಆಕಿ ಮಗಳಿಗೆ ಆರು ತುಂಬ್ಯಾವು. ಇನ್ನೂ ಸಾಲಿಗೆ ಹಾಕಿಲ್ಲ. ನೀ ಅದಾ ಊರಾಗ ಅದೀದಿ. ಒಂದ್ ಸಲನಾರ ಆ ಮನೀಗೆ ಹೋಗೀಯೇನು?"

ಹೋಗಿರಲಿಲ್ಲ. ಗಂಗವ್ವ ಅದೇ ಊರಲ್ಲಿ ಇದ್ದಾಳೆ ಅಂತ ಗೊತ್ತಿದ್ದೂ ಹೋಗಿರಲಿಲ್ಲ. ಅವರು ಚಾಳೀಸು ತೆಗೆದು ಒರೆಸತೊಡಗಿದಾಗ ನಾನು ಹತ್ತೊಂಬತ್ತರ ಹುಡುಗಿಯ ಹಾಗೆ ಉಸಿರು ಹಿಡಿದು ಕೂತೆ.

"ಕ್ಷಮಾ ಕೇಳಾಕ ಇಷ್ಟು ದೂರ ಬಂದಿ. ಅಲ್ಲೇ ನಾಲ್ಕು ಮನೀ ಆಚೆ ಹೋಗಾಕ ನಿನಗ ಆಗಲಿಲ್ಲ. ಬರೂ ಸಂತಿಗೆ ನಾ ಬರತೇನಿ. ನನ್ನ ಜೋಡಿ ಬಾ."

ಆ ಸಂತೆಯ ದಿನ ನಾವಿಬ್ಬರೂ ಗಂಗವ್ವನ ಮನೆಯ ಮುಂದೆ ನಿಂತೆವು. ಅವಳೇ ಬಾಗಿಲು ತೆಗೆದಳು. ಇಪ್ಪತ್ತೆರಡರ ಹೆಂಗಸು, ಮುಖ ಮೂವತ್ತೈದರದ್ದು. ಅಕ್ಕೋರನ್ನು ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ, ಅಭ್ಯಾಸವಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿಯಲು ಹೊತ್ತು ಬೇಕಾಯಿತು.

"ಸಣ್ಣ ಅಕ್ಕೋರು ಈ ಊರ ಸಾಲ್ಯಾಗ ಅದಾರ," ಅಂದರು ದೊಡ್ಡ ಅಕ್ಕೋರು. "ಮಗಳನ್ನ ನನ್ನ ಕೈಯಾಗ ಬ್ಯಾಡ, ಇಕಿ ಕೈಯಾಗ ಕೊಡು. ಇಕಿ ಹೆದರಿಕಿ ಹುಡುಗಿ. ಮಂದ್ಯಾಗ ಬಾಯಿ ಬಿಡಾಂಗಿಲ್ಲ."

ಅದು ಬೈಗುಳವೋ ಹೊಗಳಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಂಗವ್ವ ಬಹಳ ಹೊತ್ತು ನನ್ನನ್ನೇ ನೋಡಿದಳು. ಒಳಗಿನಿಂದ ಅತ್ತೆಯ ದನಿ ಬಂತು, ಯಾರವಾ ಅದು ಅಂತ. ಗಂಗವ್ವ ಹಿಂದೆ ಸೆರಗು ಹಿಡಿದು ನಿಂತಿದ್ದ ಮಗಳನ್ನು ಮುಂದಕ್ಕೆ ತಂದು ನಿಲ್ಲಿಸಿದಳು.

"ನಾಳಿಂದ ಕಳಸತೇನಿ. ಅತ್ತೀಗೆ ನಾ ಹೇಳ್ಕೊತೇನಿ." ಆಮೇಲೆ ದೊಡ್ಡ ಅಕ್ಕೋರ ಕಡೆ ತಿರುಗಿದಳು. "ಆದ್ರ ಅಕ್ಕೋರ, ನನ್ನ ಮಗಳ ಹೆಸರು ನಿಮ್ಮ ಜಗಳದಾಗ ಎಲ್ಲೂ ತರಬ್ಯಾಡ್ರಿ. ಒಳ್ಳೇದಕ್ಕೂ ಬ್ಯಾಡ."

"ಇಲ್ಲವಾ," ಅಂದರು ಅವರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಆ ಹುಡುಗಿ ಬಂದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ನಾನೇ ಬರೆದೆ. ಅವಳು ಮುಲ್ಕಿ ಮುಗಿಸಿದಳು, ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿದಳು, ಈಗ ಎಲ್ಲೋ ಒಂದು ಕಡೆ ಅಕ್ಕೋರಾಗಿದ್ದಾಳೆ. ಎಲ್ಲಿ ಅಂತ ಹೇಳುವುದಿಲ್ಲ. ಹೆಸರೂ ಹೇಳುವುದಿಲ್ಲ. ಅವಳ ತಾಯಿಯ ಹೆಸರು ಗಂಗವ್ವ ಅಂತ ಬರೆದಿದ್ದೇನಲ್ಲ, ಅದೂ ಅವಳ ಹೆಸರಲ್ಲ.